ಹಿತ್ತಲಲ್ಲಿ ಐಸ್ ರಿಂಕ್: ಇಳಿಜಾರಿಗೆ ಏನು ಮಾಡಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೆನಡಾದ ಕ್ಯಾಲ್ಗರಿ ಕಡೆಯವರು, ಅಥವಾ ಬೇರೆ ಚಳಿ ಊರಲ್ಲಿ ಮನೆ ಹಿಂದೆ ಸ್ಕೇಟಿಂಗ್ ರಿಂಕ್ (ಸುತ್ತ ಹಲಗೆ ನಿಲ್ಲಿಸಿ, ನೀರು ತುಂಬಿ ಹೆಪ್ಪುಗಟ್ಟಿಸಿದ ಐಸ್ ಅಂಗಳ) ಕಟ್ಟಿದವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ.

20 ಅಡಿ ಅಗಲ, 40 ಅಡಿ ಉದ್ದದ ಜಾಗ ಇದೆ. ತೊಂದರೆ ಇರುವುದು ಇಳಿಜಾರಿನದು. ದಾರ ಕಟ್ಟಿ ಲೆವೆಲ್ ನೋಡಿದೆ, ಬೇಲಿ ಕಡೆ 8 ಇಂಚು ತಗ್ಗು. ಮೇಲಿನ ತುದಿಯಲ್ಲಿ 4 ಇಂಚು ಐಸ್ ಬೇಕು ಅಂದರೆ ಕೆಳಗಿನ ತುದಿಯಲ್ಲಿ 12 ಇಂಚು ನೀರು ನಿಲ್ಲಬೇಕು, ಒಟ್ಟು ಸುಮಾರು 15,000 ಲೀಟರ್! ಅಷ್ಟು ಭಾರಕ್ಕೆ ಆ ಕಡೆಯ ಪ್ಲೈವುಡ್ ಹಲಗೆ ಹೊರಗೆ ಬಾಗದೆ ಇರಲು ಎಷ್ಟು ಅಡಿಗೊಂದು ಆಸರೆ ಕೊಡಬೇಕು? ನೆಲ ಹೆಪ್ಪುಗಟ್ಟಿದ ಮೇಲೆ ಗೂಟ ಇಳಿಯುವುದಿಲ್ಲ, ಅದಕ್ಕೇ ಈಗಲೇ ಅವಸರ.

ನೀರು ಸೋರದಂತೆ ಅಡಿಗೆ ಹಾಸಲು ಟಾರ್ಪಾಲ್ ಬಿಳಿಯದೇ ತರುತ್ತೇನೆ. ಕಪ್ಪು ಆದರೆ ಬಿಸಿಲು ಹೀರಿ ಅಡಿಯಿಂದಲೇ ಐಸ್ ಕರಗಿಸುತ್ತದೆ, ಅಲ್ವಾ?

ಇನ್ನೊಂದು ತಲೆನೋವು ಚಿನೂಕ್ ಗಾಳಿ. ಇಲ್ಲಿಯವರಿಗೆ ಗೊತ್ತೇ ಇದೆ, ಮೈನಸ್ 20ರಲ್ಲಿ ನಡುಗುತ್ತಿದ್ದ ಊರು ನೋಡನೋಡುತ್ತಲೇ ಸೊನ್ನೆ ದಾಟಿ ಬೆಚ್ಚಗಾಗುತ್ತದೆ, ಚಾವಣಿಯಿಂದ ತೊಟತೊಟ ನೀರು. ಆಗ ಐಸ್ ಮೇಲೆ ನಿಂತ ನೀರನ್ನು ಹಾಗೇ ಬಿಟ್ಟರೆ ಮತ್ತೆ ಗಟ್ಟಿಯಾಗಿ ನುಣುಪಾಗುತ್ತದಾ, ಇಲ್ಲಾ ತಳ್ಳಿ ಹೊರಗೆ ಹಾಕಬೇಕಾ? ಆಮೇಲೆ ತೆಳುವಾಗಿ ನೀರು ಹರಿಸುವಾಗ ಬಿಸಿನೀರೇ ಒಳ್ಳೆಯದು, ಹಳೇ ಐಸಿಗೆ ಚೆನ್ನಾಗಿ ಬೆಸೆಯುತ್ತದೆ ಅಂತಾರೆ. ಮನೆ ಗೀಸರಿನಲ್ಲಿ ಅದು ಆಗುವ ಕೆಲಸವಾ?

ನಮ್ಮ ಯಜಮಾನರು "ಪಾರ್ಕಲ್ಲಿ ರಿಂಕ್ ಇದೆಯಲ್ಲ, ಸುಮ್ನೆ ಯಾಕೆ ಗೋಳು" ಅಂತಿದ್ದಾರೆ. ಆ ಸಲಹೆ ಮನೆಯಲ್ಲೇ ಬೇಕಾದಷ್ಟು ಸಿಕ್ಕಿದೆ, ನೀವು ಬೇರೆ ಕೊಡಬೇಡಿ.

ಹಳೇ ಹಲಗೆ, ಬ್ರಾಕೆಟ್ ಮಾರುವವರಿದ್ದರೂ ತಿಳಿಸಿ. ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ.