ಅಮ್ಮ ಒಬ್ಬರೇ ಲಂಡನ್‌ಗೆ: ಎಕಾನಮಿಯಲ್ಲಿ ಅಷ್ಟು ಹೊತ್ತು ಕೂರುವುದು ಹೇಗೆ?

ಸಾಗರದ ತಂಗಿ:

ಎಲ್ಲರಿಗೂ ನಮಸ್ಕಾರ. ಅಕ್ಕ ಲಂಡನ್‌ನಲ್ಲಿದ್ದಾಳೆ, ಅಕ್ಟೋಬರ್‌ನಲ್ಲಿ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಬೇಕು, ಒಬ್ಬರೇ. ವಯಸ್ಸು 67. ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೊಳ್ಳುತ್ತಾರೆ. ಮಂಡಿ ನೋವು ಜಾಸ್ತಿ. ಇಲ್ಲಿಯ ತನಕ ವಿಮಾನ ಹತ್ತಿಲ್ಲ. ಕನ್ನಡ ಬಿಟ್ಟರೆ ಬೇರೆ ಮಾತು ಬರುವುದಿಲ್ಲ.

ಅಪ್ಪ ಏರ್ ಇಂಡಿಯಾದಲ್ಲೇ ಕಳಿಸೋಣ ಅನ್ನುತ್ತಾರೆ. ನಮ್ಮ ದೇಶದ ವಿಮಾನ, ಊಟ ತಿಂಡಿ ಹೊಂದುತ್ತದೆ ಅನ್ನೋದು ಅವರ ಮಾತು. ಭಾವ ಮಾತ್ರ ಗಲ್ಫ್ ಮೂಲಕ ಹೋದರೆ ದುಡ್ಡು ಉಳಿಯುತ್ತೆ, ನಡುವೆ ಇಳಿದು ಕಾಲಾಡಿಸಬಹುದು ಅನ್ನುತ್ತಾರೆ. ವಯಸ್ಸಾದವರನ್ನು ಎಕಾನಮಿಯಲ್ಲಿ ಕರೆದುಕೊಂಡು ಹೋಗಿ ಬಂದವರು ದಯವಿಟ್ಟು ಹೇಳಿ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದಲೇ ವಿಮಾನ ಹಿಡಿಯೋದಾ, ಬೆಂಗಳೂರಿಗೆ ಕಾರಲ್ಲಿ ಹೋಗೋದಾ, ಅದನ್ನೂ ಹೇಳಿ.

ಕೊಪ್ಪದ ಅತ್ತಿಗೆ:

ನೇರ ವಿಮಾನದಲ್ಲೇ ಕಳಿಸು ತಂಗಿ. ಎರಡನೇ ಮಾತೇ ಬೇಡ. ನಮ್ಮ ಅತ್ತೆಯನ್ನು ಎರಡೂ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುವುದು. ನಡುವೆ ಇಳಿದರೆ ಕಾಲಾಡಿಸಬಹುದು ಅನ್ನೋದು ಕೇಳೋಕೆ ಚೆಂದ. ಆದರೆ ಆ ದೊಡ್ಡ ನಿಲ್ದಾಣಗಳಲ್ಲಿ ಇಳಿಯೋದು ನಡುರಾತ್ರಿಯೋ ಬೆಳಗಿನ ಜಾವವೋ ಆಗಿರುತ್ತೆ. ಮತ್ತೆ ತಪಾಸಣೆ, ಮತ್ತೆ ಗೇಟ್ ಹುಡುಕು, ಮತ್ತೆ ಸಾಲು. ಭಾಷೆ ಬಾರದ ಅಮ್ಮನಿಗೆ ಅಲ್ಲಿ ಗೇಟ್ ಬದಲಾಯಿತು ಅಂತ ಯಾರು ಹೇಳಬೇಕು? ಬೆಂಗಳೂರಿಂದ ಲಂಡನ್ ಸುಮಾರು 8,000 ಕಿ.ಮೀ. ನೇರ ಹೋದರೆ ಹತ್ತು ಹನ್ನೊಂದು ಗಂಟೆ. ಒಂದು ಸಲ ಕೂತರೆ ಮುಗಿಯಿತು, ಇಳಿಯುವಾಗ ಎದುರಿಗೆ ಮಗಳೇ ಇರುತ್ತಾಳೆ.

ಇನ್ನು ಯಾವ ದೇಶದ ವಿಮಾನ ಅನ್ನೋದಕ್ಕಿಂತ ಯಾವ ಸೀಟು ಅನ್ನೋದು ಮುಖ್ಯ. ಇದನ್ನು ಅಪ್ಪನಿಗೂ ಹೇಳು. ಮಂಡಿ ನೋವಿದ್ದವರಿಗೆ ಓಡಾಡುವ ದಾರಿ ಪಕ್ಕದ ಸೀಟೇ ಬೇಕು. ದುಡ್ಡು ಕೊಟ್ಟಾದರೂ ಮೊದಲೇ ತಗೊಳ್ಳಿ. ಕಿಟಕಿ ಪಕ್ಕ ಕೂರಿಸಿದರೆ ಎರಡು ಜನರನ್ನು ಏಳಿಸಿ ಶೌಚಕ್ಕೆ ಹೋಗಬೇಕು. ನಮ್ಮ ಕಡೆಯ ಹೆಂಗಸರು ಆ ಸಂಕೋಚಕ್ಕೇ ನೀರು ಕುಡಿಯೋದು ಬಿಟ್ಟುಬಿಡುತ್ತಾರೆ. ಒಳಗಿನ ಗಾಳಿ ತುಂಬಾ ಒಣ, ತೇವಾಂಶ ಶೇ. 20ಕ್ಕಿಂತ ಕಡಿಮೆ. ಮಲೆನಾಡಿನ ತಂಪಿಗೆ ಒಗ್ಗಿದವರಿಗೆ ತುಟಿ, ಮೂಗು, ಗಂಟಲು ಬೇಗ ಒಣಗುತ್ತೆ. ನೀರು ಕುಡಿಯಲೇಬೇಕು.

ತುರ್ತು ಬಾಗಿಲ ಪಕ್ಕದ ಸಾಲಿನಲ್ಲಿ ಕಾಲಿಗೆ ಜಾಗ ಜಾಸ್ತಿ ಅಂತ ಯಾರಾದರೂ ಹೇಳಬಹುದು. ವಯಸ್ಸಾದವರಿಗೆ, ವೀಲ್‌ಚೇರ್ ಕೇಳಿದವರಿಗೆ ಅದನ್ನು ಕೊಡುವುದಿಲ್ಲ. ಮುಂದೆ ಗೋಡೆ ಇರುವ ಮೊದಲ ಸಾಲು ಸಿಕ್ಕರೆ ಒಳ್ಳೆಯದು. ಆದರೆ ಅಲ್ಲಿ ಕೈಚೀಲ ಕಾಲ ಹತ್ತಿರ ಇಟ್ಟುಕೊಳ್ಳೋಕೆ ಬಿಡಲ್ಲ, ಮೇಲಿಡಬೇಕು. ಮಾತ್ರೆ, ಕನ್ನಡಕ ಒಂದು ಸಣ್ಣ ಚೀಲಕ್ಕೆ ಹಾಕಿ ಮಡಿಲಲ್ಲೇ ಇರಲಿ.

ದಾರಿ ಪಕ್ಕದ ಕೈಯಾಸರೆ ಮೇಲೆತ್ತಲು ಬರೋದಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎಷ್ಟೋ ವಿಮಾನಗಳಲ್ಲಿ ಬರುತ್ತೆ. ಅದರ ಅಡಿಯಲ್ಲಿ, ಹಿಂದುಗಡೆ ತಿರುಗಣೆಯ ಹತ್ತಿರ, ಬೆರಳಿಗೆ ಸಿಗುವ ಒಂದು ಗುಂಡಿ ಇರುತ್ತೆ. ಒತ್ತಿ ಹಿಡಿದು ಎತ್ತಬೇಕು. ಅತ್ತೆಗೆ ಮಂಡಿ ಮಡಚದೆ ಪಕ್ಕಕ್ಕೆ ತಿರುಗಿ ಏಳೋಕೆ ಇದರಿಂದ ಎಷ್ಟು ಅನುಕೂಲ ಆಯಿತು! ಗಗನಸಖಿಯರನ್ನು ಕೇಳಿದರೆ ಅವರೇ ತೋರಿಸುತ್ತಾರೆ.

ಶೌಚದ ಬಾಗಿಲನ್ನು ಮೊದಲೇ ಹೇಳಿಕೊಡಿ. ಅದು ನಡುವೆ ಮಡಚಿಕೊಳ್ಳುವ ಬಾಗಿಲು. ಹಿಡಿ ಹುಡುಕುತ್ತಾ ನಿಂತರೆ ಸಿಗುವುದಿಲ್ಲ, ನಡುಮಧ್ಯ ಒಳಕ್ಕೆ ತಳ್ಳಬೇಕು. ಒಳಗೆ ಹೋಗಿ ಚಿಲಕ ಸರಿಸಿದ ಮೇಲೇ ಪೂರ್ತಿ ಬೆಳಕು ಬರೋದು. ಗುಂಡಿ ಒತ್ತಿದಾಗ ಜೋರಾಗಿ ಸದ್ದು ಬರುತ್ತೆ, ಹೆದರಬೇಡಿ ಅಂತ ಹೇಳಿ. ಅತ್ತೆ ಬಾಗಿಲ ಮುಂದೆ ನಿಂತು ಕಣ್ಣಲ್ಲಿ ನೀರು ತುಂಬಿಕೊಂಡಿದ್ದು ನಾನು ಮರೆಯಲ್ಲ. ಎಂಟು ಜನರ ಸಂಸಾರ ತೂಗಿಸಿದ ಹೆಂಗಸು ಅವರು. ಒಂದು ಬಾಗಿಲಿಗೆ ಯಾಕೆ ಅಷ್ಟು ಸಣ್ಣಗಾಗಬೇಕು? ಮೊಬೈಲಲ್ಲಿ ವಿಡಿಯೋ ಸಿಗುತ್ತೆ, ಮನೆಯಲ್ಲೇ ತೋರಿಸಿ.

ಊಟದ ವಿಷಯ. ಒಂದು ಸಲ ನಾವು ಹೋದ ವಿಮಾನದಲ್ಲಿ (ಸಂಸ್ಥೆಯ ಹೆಸರು ಇಲ್ಲಿ ಬೇಡ) ಮೊದಲೇ ಬರೆಸಿದ್ದ ಸಸ್ಯಾಹಾರಿ ಊಟ ಬರಲೇ ಇಲ್ಲ. ಅತ್ತೆಯ ಮುಂದಿನ ಪರದೆಯೂ ಕೆಟ್ಟಿತ್ತು, ಸೀಟು ಹಿಂದಕ್ಕೆ ಬಾಗುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಬನ್ನು, ಸ್ವಲ್ಪ ಹಣ್ಣು. ನನಗೆ ಇವತ್ತಿಗೂ ಸಿಟ್ಟಿದೆ. ಸಕ್ಕರೆ ಕಾಯಿಲೆಯವರಿಗೆ ಊಟ ತಪ್ಪಿದರೆ ಅದು ಬರೀ ಹಸಿವಿನ ಮಾತಲ್ಲ. ಅದಕ್ಕೇ ಅಮ್ಮನ ಚೀಲದಲ್ಲಿ ಚಪಾತಿ, ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಒಂದೆರಡು ಕೋಡುಬಳೆ ಇರಲೇಬೇಕು. ಸಕ್ಕರೆ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಬೆಲ್ಲದ ಚೂರೂ ಇರಲಿ. ಇನ್ಸುಲಿನ್ ದೊಡ್ಡ ಪೆಟ್ಟಿಗೆಗೆ ಹಾಕಲೇಬೇಡಿ. ಕೆಳಗಿನ ಚಳಿಗೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರಲ್ಲ. ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲೇ ಇರಲಿ.

ಶಿವಮೊಗ್ಗ ಟಿಕೆಟ್ ಡೆಸ್ಕ್:

ನಾನು ಇಲ್ಲೇ ಶಿವಮೊಗ್ಗದಲ್ಲಿ ಟಿಕೆಟ್ ಮಾಡಿಸುವ ಕೆಲಸದಲ್ಲಿದ್ದೇನೆ. ಅತ್ತಿಗೆಯವರು ಹೇಳಿದ್ದು ಸರಿ, ಕೆಲವನ್ನು ಸೇರಿಸುತ್ತೇನೆ.

ವೀಲ್‌ಚೇರ್‌ ಅನ್ನು ಟಿಕೆಟ್ ಮಾಡುವಾಗಲೇ ಬರೆಸಿ, ಕಡಿಮೆ ಅಂದರೂ 48 ಗಂಟೆ ಮೊದಲು. ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು ಅಂದರೆ ಬರೆಸಬೇಕಾದ ಗುರುತಿನ ಅಕ್ಷರಗಳು ಡಬ್ಲ್ಯೂಸಿಎಚ್‌ಆರ್. ಮೆಟ್ಟಿಲೂ ಆಗಲ್ಲ ಅಂದರೆ ಡಬ್ಲ್ಯೂಸಿಎಚ್‌ಎಸ್. ನಿಮ್ಮ ಅಮ್ಮನಿಗೆ ಮಂಡಿ ನೋವು ಅಂದಮೇಲೆ ಎರಡನೆಯದು ಸೂಕ್ತ. ಊಟಕ್ಕೂ ಹೀಗೇ ಹೆಸರುಗಳಿವೆ: ನಮ್ಮ ಕಡೆಯ ಸಸ್ಯಾಹಾರಕ್ಕೆ ಎವಿಎಂಎಲ್, ಸಕ್ಕರೆ ಕಾಯಿಲೆಯವರಿಗೆ ಡಿಬಿಎಂಎಲ್. ಡಿಬಿಎಂಎಲ್‌ನಲ್ಲಿ ಮಾಂಸ ಇರಬಹುದು, ಹಾಗಾಗಿ ಅಮ್ಮ ಸಸ್ಯಾಹಾರಿ ಆದರೆ ಎವಿಎಂಎಲ್ ಬರೆಸಿ. ಈ ಅಕ್ಷರಗಳು ಟಿಕೆಟ್ ವಿವರದಲ್ಲಿ ಕಾಣಿಸಬೇಕು. ಕಾಣದಿದ್ದರೆ ಫೋನ್ ಮಾಡಿ ಸರಿ ಮಾಡಿಸಿ.

ಅಪ್ಪನಿಗೆ ಒಂದು ಮಾತು. ಏರ್ ಇಂಡಿಯಾ 1953ರಲ್ಲಿ ರಾಷ್ಟ್ರೀಕರಣ ಆಗಿತ್ತು, 2022ರ ಜನವರಿಯಲ್ಲಿ ಮತ್ತೆ ಟಾಟಾ ಕೈಗೆ ಹೋಯಿತು. ಈಗ ಅದು ಸರ್ಕಾರದ್ದಲ್ಲ. ಕನ್ನಡ ಬಲ್ಲ ಸಿಬ್ಬಂದಿ ಸಿಗಬಹುದು, ಸಿಗದೆಯೂ ಇರಬಹುದು.

ಸೋಗಾನೆಯಿಂದ ಹಾರುವುದಾದರೆ ಅದೇ ದಿನದ ವಿಮಾನ ನಂಬಬೇಡಿ. ಎರಡು ಬೇರೆ ಬೇರೆ ಟಿಕೆಟ್ ಆದರೆ, ಮೋಡ ಕವಿದು ಇಲ್ಲಿ ತಡವಾಗಿ ಅಲ್ಲಿ ತಪ್ಪಿದರೆ ಯಾರೂ ಜವಾಬ್ದಾರರಲ್ಲ. ಹಿಂದಿನ ದಿನವೇ ಬೆಂಗಳೂರು ಸೇರಿ. ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಲ್ಲಿ. ಲಂಡನ್ ಕಡೆ ಹೀಥ್ರೋ ಅಥವಾ ಗ್ಯಾಟ್ವಿಕ್ ಯಾವುದು ಅಂತ ಅಕ್ಕನಿಗೆ ಸರಿಯಾಗಿ ಹೇಳಿ. ಒಂದು ಊರಿನ ಪಶ್ಚಿಮಕ್ಕೆ, ಇನ್ನೊಂದು ದಕ್ಷಿಣಕ್ಕೆ.

ಸಾಗರದ ತಂಗಿ:

ಅತ್ತಿಗೆ, ಸಾರ್, ಇಬ್ಬರಿಗೂ ತುಂಬಾ ಉಪಕಾರವಾಯಿತು. ನೇರ ವಿಮಾನವೇ ಅಂತ ಮನೆಯಲ್ಲಿ ನಿಶ್ಚಯ ಆಯಿತು. ಭಾವನೂ ಒಪ್ಪಿದರು. ಇನ್ನೆರಡು ಪ್ರಶ್ನೆ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ, ಮನೆ ತುಪ್ಪ, ಬಾಣಂತಿ ಲೇಹ್ಯಕ್ಕೆ ಒಣ ಕೊಬ್ಬರಿ ಎಲ್ಲಾ ಕಟ್ಟಿಡುತ್ತಿದ್ದಾರೆ. ಬಿಡುತ್ತಾರಾ? ಮತ್ತೆ, ಅಷ್ಟು ಎತ್ತರದಲ್ಲಿ ಉಸಿರಾಟಕ್ಕೆ ತೊಂದರೆ ಆಗುತ್ತಾ?

ಕೊಪ್ಪದ ಅತ್ತಿಗೆ:

ಉಪ್ಪಿನಕಾಯಿ ಹೋಗುತ್ತೆ, ಆದರೆ ದೊಡ್ಡ ಪೆಟ್ಟಿಗೆಯಲ್ಲಿ ಮಾತ್ರ. ಕೈಚೀಲದಲ್ಲಿ 100 ಮಿ.ಲೀ. ಮೀರಿದ ರಸದ ಪದಾರ್ಥ ಬಿಡಲ್ಲ. ಜೋನಿಬೆಲ್ಲಕ್ಕೂ ಇದೇ ಮಾತು. ಗಾಜಿನ ಬಾಟಲಿ ಬೇಡ. ಮಿಡಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಟೇಪ್ ಸುತ್ತಿ, ಎರಡು ಕವರಿನೊಳಗೆ ಹಾಕಿ ಹಳೇ ಸೀರೆಯ ನಡುವೆ ಇಡಿ.

ತುಪ್ಪ ಬೇಡ, ಪೇಡವೂ ಬೇಡ. ಇಲ್ಲಿಂದ ಹಾಲಿನ ಪದಾರ್ಥ ಒಯ್ಯಲು ಬ್ರಿಟನ್ ಬಿಡುವುದಿಲ್ಲ, ಸಿಕ್ಕರೆ ಕಿತ್ತುಕೊಳ್ಳುತ್ತಾರೆ. ತುಪ್ಪ ಅಲ್ಲೇ ಅಂಗಡಿಯಲ್ಲಿ ಸಿಗುತ್ತೆ. ಒಣ ಕೊಬ್ಬರಿಯನ್ನಂತೂ ತೆಗೆದಿಡಿ. ಎಣ್ಣೆ ಅಂಶ ಜಾಸ್ತಿ ಇರೋದರಿಂದ ತಾನಾಗಿ ಬಿಸಿಯೇರಿ ಬೆಂಕಿ ಹಿಡಿಯಬಲ್ಲ ಸರಕಿನ ಪಟ್ಟಿಯಲ್ಲಿ ಅದಿದೆ. ಪವರ್ ಬ್ಯಾಂಕ್ ಇದ್ದರೆ ಅದು ಕೈಚೀಲಕ್ಕೆ, ಪೆಟ್ಟಿಗೆಗಲ್ಲ.

ಉಸಿರಿನ ಬಗ್ಗೆ ಕೇಳಿದೆಯಲ್ಲ. ವಿಮಾನದೊಳಗೆ ಗಾಳಿಯ ಒತ್ತಡ ಕಾಯ್ದಿರುತ್ತಾರೆ. 787, ಎ350 ತರದ ಹೊಸ ವಿಮಾನಗಳಲ್ಲಿ ಅದು ಸುಮಾರು 6,000 ಅಡಿ ಎತ್ತರದಲ್ಲಿ ಇದ್ದ ಹಾಗೆ. ಅಂದರೆ ಮುಳ್ಳಯ್ಯನಗಿರಿ ತುದಿಗಿಂತ ಸ್ವಲ್ಪ ಕೆಳಗೆ. ಹಳೆಯವುಗಳಲ್ಲಿ 8,000 ಅಡಿಯವರೆಗೆ ಹೋಗಬಹುದು. ಆರೋಗ್ಯ ಸರಿ ಇದ್ದವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೂ ಅಮ್ಮನ ಡಾಕ್ಟರನ್ನು ಒಮ್ಮೆ ಕೇಳಿಬಿಡಿ. ಕಾಲಿನ ರಕ್ತ ಹೆಪ್ಪುಗಟ್ಟದ ಹಾಗೆ ಬಿಗಿ ಕಾಲುಚೀಲ ಬೇಕಾ, ಇನ್ಸುಲಿನ್ ಹೊತ್ತು ಹೇಗೆ ಬದಲಿಸೋದು, ಎರಡನ್ನೂ ಅವರೇ ಹೇಳಲಿ. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಆಮೇಲೆ ಐದೂವರೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಪಾದ ಊದುತ್ತೆ, ಅದಕ್ಕೆ ಪಟ್ಟಿ ಸಡಿಲಿಸಬಹುದಾದ ಚಪ್ಪಲಿಯೇ ಸರಿ.

ಒಂದು ರಟ್ಟಿನ ಚೀಟಿ ಬರೆದುಕೊಡು. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್: ನೀರು ಬೇಕು, ಮಂಡಿ ನೋವು, ಇನ್ಸುಲಿನ್ ಹೊತ್ತಾಯಿತು, ವೀಲ್‌ಚೇರ್ ಬೇಕು. ಹಿಂದುಗಡೆ ಅಕ್ಕನ ಫೋನ್ ನಂಬರ್, ವಿಳಾಸ. ಅಮ್ಮ ಬೆರಳಿಟ್ಟು ತೋರಿಸಿದರೆ ಸಾಕು.

ಶಿವಮೊಗ್ಗ ಟಿಕೆಟ್ ಡೆಸ್ಕ್:

ವಾಪಸ್ ಬರುವಾಗಿನದ್ದೊಂದು ಹೇಳಿಬಿಡುತ್ತೇನೆ. ಬ್ರಿಟನ್‌ನಿಂದ ಹೊರಡುವ ವಿಮಾನ ಯಾವ ದೇಶದ್ದೇ ಆಗಿರಲಿ, ಸಂಸ್ಥೆಯ ತಪ್ಪಿನಿಂದ ನಾಲ್ಕು ಗಂಟೆಗೂ ಹೆಚ್ಚು ತಡವಾಗಿ ಇಲ್ಲಿ ತಲುಪಿದರೆ, ಇಷ್ಟು ದೂರಕ್ಕೆ 520 ಪೌಂಡ್ ಪರಿಹಾರ ಕೇಳಬಹುದು. ಹವಾಮಾನ ಕೆಟ್ಟು ತಡವಾದರೆ ಸಿಗದು. ಪೆಟ್ಟಿಗೆ ಒಡೆದಿದ್ದರೆ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ, ಏಳು ದಿನದೊಳಗೆ ಲಿಖಿತವಾಗಿ ಕೊಡಿ. ಬೋರ್ಡಿಂಗ್ ಪಾಸ್, ಪೆಟ್ಟಿಗೆಗೆ ಅಂಟಿಸಿದ ಚೀಟಿಯ ತುಂಡು ಎರಡನ್ನೂ ಅಮ್ಮ ಮನೆ ಮುಟ್ಟುವ ತನಕ ಎಸೆಯದಿರಲಿ.