ನಿಜಲಿಂಗಪ್ಪನವರ ಸ್ವಾಗತದ ಬಿಲ್ಲೆ ಸಿಕ್ಕಿದೆ, ಉಳಿಸುವುದು ಹೇಗೆ?

ಕೇಳಿದವರು, ದಾವಣಗೆರೆ:
ಅಜ್ಜನ ಟ್ರಂಕಿನಲ್ಲಿ ಅಂಗಿಗೆ ಚುಚ್ಚಿಕೊಳ್ಳುವ ಒಂದು ಬಿಲ್ಲೆ ಸಿಕ್ಕಿತು. ಎಸ್. ನಿಜಲಿಂಗಪ್ಪನವರ ಫೋಟೊ, ಕೆಳಗೆ ಜೋಡೆತ್ತು, ಸುತ್ತ ‘ಸ್ವಾಗತ ಸಮಿತಿ, ದಾವಣಗೆರೆ’ ಅಂತ ಇದೆ. ಇಸವಿ ಇಲ್ಲ. ಪಿನ್ನಿಗೆ ತುಕ್ಕು ಹಿಡಿದಿದೆ. ತೊಳೆಯಬಹುದಾ? ಯಾವ ಕಾಲದ್ದಿರಬಹುದು?

ಚಿತ್ರದುರ್ಗದಿಂದ:
ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು, ಪೀತಾಂಬರಿ ಯಾವುದೂ ಬೇಡ. ಇಂಥ ಬಿಲ್ಲೆಯಲ್ಲಿ ತಗಡಿನ ಮೇಲೆ ಅಚ್ಚಾದ ಕಾಗದ, ಅದರ ಮೇಲೆ ತೆಳುವಾದ ಪಾರದರ್ಶಕ ಹಾಳೆ ಇರುತ್ತದೆ. ಅಂಚಿನಿಂದ ನೀರು ಒಳಗೆ ಹೋದರೆ ಕಾಗದದಲ್ಲಿ ಕಂದು ಕಲೆ ಏಳುತ್ತದೆ, ಆಮೇಲೆ ಹೋಗುವುದಿಲ್ಲ. ಮೇಲಿನ ಹಾಳೆ ಸೆಲ್ಯುಲಾಯ್ಡ್ ಆಗಿದ್ದರೆ ಇನ್ನೂ ಜೋಪಾನ. ಅದನ್ನು ಮಾಡುವುದಕ್ಕೆ ಕರ್ಪೂರ ಬೆರೆಸುತ್ತಾರೆ, ಬೆಂಕಿ ತಾಗಿದರೆ ಭಗ್ಗನೆ ಉರಿಯುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರವ ಅದನ್ನು ಕರಗಿಸಿಬಿಡುತ್ತದೆ. ನಮ್ಮ ಮಾವನವರ ಬಿಲ್ಲೆಯನ್ನು ಪರಿಚಯದವರೊಬ್ಬರು ಹಾಗೆ ಒರೆಸಿಕೊಟ್ಟರು. ಮುಖವೇ ಮಸುಕಾಯಿತು, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಒಣ ಹತ್ತಿ ಬಟ್ಟೆಯಿಂದ ಧೂಳು ಕೊಡವಿ, ಸಾಕು. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿಡಬೇಡಿ. ರಟ್ಟಿನ ಡಬ್ಬಿಯಲ್ಲಿ ಹಗುರವಾಗಿ ಸುತ್ತಿ, ತೇವ ಮತ್ತು ಬಿಸಿಲು ಇಲ್ಲದ ಕಡೆ ಇಡಿ. ನುಸಿಗುಳಿಗೆಯೂ ಬೇಡ.

ಹರಿಹರದಿಂದ:
ಕಾಲದ ವಿಷಯಕ್ಕೆ ಜೋಡೆತ್ತೇ ದೊಡ್ಡ ಸುಳಿವು, ಅದು ಆಗಿನ ಕಾಂಗ್ರೆಸ್ಸಿನ ಚುನಾವಣಾ ಗುರುತು. 1969ರಲ್ಲಿ ಕಾಂಗ್ರೆಸ್ ಒಡೆಯಿತು, ಆಮೇಲೆ ಆ ಗುರುತು ಎರಡೂ ಬಣಕ್ಕೆ ಸಿಗಲಿಲ್ಲ. 1971ರ ಚುನಾವಣೆಗೆ ಇಂದಿರಾ ಗಾಂಧಿಯವರ ಬಣ ಹಸು-ಕರು ಹಿಡಿದು ಹೋಯಿತು. ಹಾಗಾಗಿ ನಿಮ್ಮದು ಅದಕ್ಕಿಂತ ಹಿಂದಿನದು.

ಇನ್ನು ಹೆಸರಿನ ಜೊತೆ ಏನಿದೆ ನೋಡಿ. ‘ಮುಖ್ಯಮಂತ್ರಿ’ ಅಂತಿದ್ದರೆ 1956ರಿಂದ 58, ಇಲ್ಲವೇ 1962ರಿಂದ 68. ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರು ಅಂತಿದ್ದರೆ 1968-69, ಆಗಂತೂ ಬಹಳ ಚೆನ್ನಾಗಿರುತ್ತದೆ. ನಮ್ಮ ದುರ್ಗದ ವಕೀಲರೊಬ್ಬರು ದೇಶದ ಪಕ್ಷದ ಅಧ್ಯಕ್ಷರಾಗಿ ಊರಿಗೆ ಬಂದ ದಿನದ ಗುರುತು ಅಲ್ವಾ ಅದು! ‘ಮೈಸೂರು ರಾಜ್ಯ’ ಅಂತ ಕಂಡರೆ ಹೊಸದೇನೂ ತಿಳಿಯುವುದಿಲ್ಲ, ಕರ್ನಾಟಕ ಅಂತ ಹೆಸರಾಗಿದ್ದು 1973ರಲ್ಲಿ. ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, 1997ರಲ್ಲಿ ಬೇರೆಯಾಯಿತು.

ಪಿ.ಜೆ. ಬಡಾವಣೆಯಿಂದ:
ಬಿಲ್ಲೆಗಿಂತ ನಿಮ್ಮ ಅಜ್ಜನ ಕಥೆ ಮೊದಲು ಬರೆದಿಡಿ. ಸ್ವಾಗತ ಸಮಿತಿಯ ಬಿಲ್ಲೆ ಸುಮ್ನೆ ಬಂದವರಿಗೆಲ್ಲ ಹಂಚುವಂಥದ್ದಲ್ಲ, ಓಡಾಡಿ ಕೆಲಸ ಮಾಡಿದವರಿಗೆ ಕೊಡುವಂಥದ್ದು. ಅಜ್ಜಿ ಇದ್ದರೆ ಇವತ್ತೇ ಕೇಳಿ. ಸಭೆ ಎಲ್ಲಿ ನಡೆಯಿತು, ಅಜ್ಜ ಏನು ಮಾಡುತ್ತಿದ್ದರು, ಜೊತೆಗೆ ಯಾರಿದ್ದರು, ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಳೆಗಾಲವೋ ಸುಗ್ಗಿಯೋ ಅಷ್ಟು ತಿಳಿದರೂ ಹಳೆಯ ಪತ್ರಿಕೆಗಳಲ್ಲಿ ಹುಡುಕುವ ಕೆಲಸ ಅರ್ಧ ಆಗುತ್ತದೆ. ‘ಪ್ರಜಾವಾಣಿ’ 1948ರಿಂದ ಇದೆ.

ಹಿಂಬದಿಯ ಫೋಟೊ ಕೂಡ ಹಾಕಿ. ಒಳಗೆ ಕಾಗದದ ಚೀಟಿ ಇದ್ದರೆ ಮಾಡಿದವರ ಹೆಸರು ಸಿಗಬಹುದು. ತುಕ್ಕು ಹಿಡಿದ ಪಿನ್ನನ್ನು ಮಾತ್ರ ಬಗ್ಗಿಸಬೇಡಿ, ಮುರಿಯುತ್ತದೆ.