ಸಹಾಯ ಬೇಕು: ಟೈರ್ ಗಾಳಿ ಕಲಬುರಗಿಯಲ್ಲಿ 33, ಮಡಿಕೇರಿಯಲ್ಲಿ 28!

ಎಲ್ಲರಿಗೂ ನಮಸ್ಕಾರ. ಮೊನ್ನೆ ಕಲಬುರಗಿಯಿಂದ ಮಡಿಕೇರಿಗೆ ಕಾರಲ್ಲಿ ಬಂದೆವು. ಹೊರಡುವ ಹಿಂದಿನ ಮಧ್ಯಾಹ್ನ ಬಂಕಿನಲ್ಲಿ ನಾಲ್ಕೂ ಟೈರಿಗೆ 33 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಗಾಳಿ ಹಾಕಿಸಿದ್ದೆ. ಬಿಸಿಲು 41 ಡಿಗ್ರಿ. ಅರ್ಧ ಗಂಟೆ ಓಡಿಸಿಕೊಂಡೇ ಹೋಗಿದ್ದರಿಂದ ಟೈರೂ ಕಾದಿತ್ತು. ಇವತ್ತು ಬೆಳಿಗ್ಗೆ ಇಲ್ಲಿ 18 ಡಿಗ್ರಿ. ಗಾಡಿ ಶುರು ಮಾಡಿದ ಕೂಡಲೇ ಟೈರ್ ಪ್ರೆಶರ್ ದೀಪ ಹತ್ತಿಕೊಂಡಿತು. ನೋಡಿದರೆ ನಾಲ್ಕರಲ್ಲೂ 28! ನಾಲ್ಕೂ ಒಂದೇ ಸಲ ಪಂಕ್ಚರ್ ಆಗಲ್ಲ ಅಲ್ವಾ?

10 ಡಿಗ್ರಿ ತಂಪಾದರೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ ಅಂತ ಗೊತ್ತು. ಬಿಸಿ ಟೈರಿಗೆ ಹಾಕಿಸಿದ್ದೇ ನನ್ನ ತಪ್ಪು. ಕಾರಿನ ಬಾಗಿಲ ಬಳಿ ಕಂಪನಿ ಅಂಟಿಸಿದ ಚೀಟಿಯಲ್ಲಿರುವ 33 ತಣ್ಣಗಿರುವ ಟೈರಿನ ಲೆಕ್ಕವಂತೆ.

ನನ್ನ ಗೊಂದಲ ಇಷ್ಟೇ. ಈಗ ಇಲ್ಲಿನ ಚಳಿಯಲ್ಲಿ 33 ತುಂಬಿಸಿದರೆ, ವಾಪಸ್ ಕಲಬುರಗಿ ಬಿಸಿಲಲ್ಲಿ 38 ದಾಟಬಹುದು. ಅಲ್ಲಿ ಗಾಳಿ ಬಿಡಬೇಕಾ, ಇಲ್ಲ ಮರುದಿನ ಬೆಳಿಗ್ಗೆ ಟೈರ್ ತಣ್ಣಗಾದ ಮೇಲೆ ನೋಡಿದರೆ ಸಾಕಾ? ಐದು ಜನ, ಡಿಕ್ಕಿ ತುಂಬ ಲಗೇಜು (ಅತ್ತೆಯ ಕಿತ್ತಳೆ ಬುಟ್ಟಿ ಬೇರೆ). ಹಿಂದಿನ ಟೈರಿಗೆ ಜಾಸ್ತಿ ಹಾಕಿಸಲಾ? ನಾಳೆ ಬೆಳಿಗ್ಗೆ ಹೊರಡುತ್ತೇವೆ. ಗೊತ್ತಿದ್ದವರು ದಯವಿಟ್ಟು ಹೇಳಿ.